ಮೊಳೆಗೆ ತೂಗುತ್ತಿದ್ದ ಹೋಸು

ಹೋದ ಭಾನುವಾರ ಮಗಳು, ಅಳಿಯ ಜೇಜುರಿಗೆ ಹೋಗಿಬಂದರು. ಅಳಿಯ ಮರಾಠಿಯವನು, ವರ್ಷಕ್ಕೊಮ್ಮೆ ಖಂಡೋಬನ ದರ್ಶನ ತಪ್ಪಿಸುವುದಿಲ್ಲ. ಕಾರಿನ ಮೈತುಂಬ ಭಂಡಾರ, ಆ ದೇವರಿಗೆ ತೂರುವ ಅರಿಸಿನದ ಪುಡಿ. ಪುಣೆಯ ನಿಗಡಿಯಲ್ಲಿರುವ ನಮ್ಮ ಮನೆ ಮುಂದೆ ಕಾರು ನಿಲ್ಲಿಸಿ, ಎಂಜಿನ್ ಯಾಕೋ ಕಾಯುತ್ತಿದೆ ಎಂದು ಬಾನೆಟ್ ಎತ್ತಿದ. ಒಳಗೂ ಭಂಡಾರ ಹೊಕ್ಕಿತ್ತು. ಎಲ್ಲೋ ಒಂದು ಕಡೆ ಎಣ್ಣೆ ಜಿನುಗಿ ಆ ಹಳದಿ ಒದ್ದೆಯಾಗಿ ಕರಿಗೆಂಪಾಗಿತ್ತು. ಬಿಸಿ ಎಣ್ಣೆಯೂ ಅರಿಸಿನವೂ ಕೂಡಿದ ವಾಸನೆ... ಚಹದ ತಟ್ಟೆ ಹಿಡಿದುಕೊಂಡು ನಾನು ಬಾಗಿಲಲ್ಲೇ ನಿಂತುಬಿಟ್ಟೆ.

ಒಗ್ಗರಣೆಯ ಎಣ್ಣೆಗೆ ಅರಿಸಿನ ಬಿದ್ದರೆ ಹಸಿವಾಗುತ್ತದೆ. ಇದು ಆ ವಾಸನೆಯಲ್ಲ. ಇದನ್ನು ನಾನು ಹನ್ನೆರಡು ವರ್ಷ ಮೂಸಿದ್ದೇನೆ. ಇದು ಮಿಸ್ತ್ರಿಯ ವಾಸನೆ.

ತೊಂಬತ್ತರ ದಶಕದ ಮೊದಲ ವರ್ಷಗಳು. ಆಕುರ್ಡಿಯ ಆಚೆ ಒಂದು ಯಾರ್ಡಿನಲ್ಲಿ ನಾನು ಸ್ಟೋರ್ ನೋಡಿಕೊಳ್ಳುತ್ತಿದ್ದೆ. ಯಜಮಾನರು ಮರಾಠಿಯವರು; ಎಲ್ಲರೂ ಅವರನ್ನು ಶೇಠ್ ಎನ್ನುತ್ತಿದ್ದರು, ಹೆಂಗಸಾದ ನನ್ನನ್ನು ಬಾಯಿ. ಸಣ್ಣ ಲೋಡರ್‌ಗಳನ್ನು ಬಾಡಿಗೆಗೆ ಬಿಡುವುದು ಅವರ ಧಂದೆ. ನಾಲ್ಕು ಗಾಲಿ, ನಡುವೆ ಪಂಜರದಂಥ ಕೂರುವ ಜಾಗ, ಎರಡು ಬದಿಗೆ ಎರಡು ಕಬ್ಬಿಣದ ತೋಳು, ಮುಂದೆ ಮಣ್ಣು ಬಾಚುವ ಬಕೆಟ್ಟು, ಇಷ್ಟೇ ಆ ಯಂತ್ರ. ದೊಡ್ಡ ಯಂತ್ರ ಹೋಗದ ಇಕ್ಕಟ್ಟಿಗೆ ಇದು ಹೋಗುತ್ತಿತ್ತು. ಆಗ ಚಾಕಣದ ಕಡೆ ಕಾರ್ಖಾನೆಗಳು ಏಳುತ್ತಿದ್ದವು, ಕೆಲಸಕ್ಕೆ ಬರ ಇರಲಿಲ್ಲ. ಆದರೆ ಶೇಠರ ಲೋಡರ್‌ಗಳೆಲ್ಲ ಪರದೇಶದಲ್ಲಿ ದುಡಿದು ಮುದಿಯಾದ ಮೇಲೆ ಹಡಗು ಹತ್ತಿ ಬಂದಂಥವು. ತೋಳು ಎತ್ತುವುದು, ಇಳಿಸುವುದು ಎಲ್ಲ ಒತ್ತಡದಲ್ಲಿ ಓಡುವ ಎಣ್ಣೆಯ ಕೆಲಸ. ಆ ಎಣ್ಣೆ ಓಡುವ ರಬ್ಬರಿನ ಹೋಸು, ಎಣ್ಣೆ ತಡೆಯುವ ರಬ್ಬರ್ ಬಳೆಗಳಾದ ಜಾಕಿನ ಸೀಲು, ಜೋಡಣೆಯ ಓ-ರಿಂಗು ದಿನಕ್ಕೊಂದು ಕಡೆ ಬಾಯಿಬಿಡುತ್ತಿದ್ದವು. ಯಾರ್ಡಿನ ನೆಲಕ್ಕೆ ಮಣ್ಣಿನ ಬಣ್ಣವೇ ಇರಲಿಲ್ಲ.

ಆ ಸೋರಿಕೆಗಳನ್ನು ನಿಲ್ಲಿಸುವವರು ಮಿಸ್ತ್ರಿ. ನನಗಿಂತ ಹದಿನೈದು ವರ್ಷ ದೊಡ್ಡವರಿರಬೇಕು. ಒಣಕಲು ಮೈ, ಎತ್ತರದ ಆಳು, ಹಲ್ಲಿನ ಸಂದಿಯಲ್ಲಿ ಸದಾ ತಂಬಾಕು. ಅವರು ಇಂಡಿ ಕಡೆಯವರು, ಕನ್ನಡದವರು ಎಂದು ಕೆಲಸಕ್ಕೆ ಸೇರಿದ ದಿನವೇ ಯಾರೋ ಹೇಳಿದರು. ನಾನು ಜಮಖಂಡಿಯವಳು. ಮದುವೆಯಾಗಿ ಪುಣೆಗೆ ಬಂದು ಆರು ವರ್ಷವಾಗಿತ್ತು, ಮನೆಯ ಹೊಸ್ತಿಲು ದಾಟಿದರೆ ಎಲ್ಲ ಮರಾಠಿ. ನನಗೆ ಹಿಗ್ಗೋ ಹಿಗ್ಗು. ಅವರು ಸ್ಟೋರಿನ ಕಿಟಕಿಗೆ ಬಂದ ಕೂಡಲೇ ಕೇಳಿದೆ.

"ಮಿಸ್ತ್ರಿ, ನೀವು ನಮ್ಮ ಕಡಿಯವರಂತಲ್ರಿ?"

ಅವರು ತಂಬಾಕು ಉಗುಳಿ ಬಂದು ಹೇಳಿದರು: "ಯಾವ ಕಡಿ? ನನಗ ಯಾವ ಕಡೀನೂ ಇಲ್ಲ. ಸೀಲ್ ಕೊಡ್ರಿ."

ಅಲ್ಲಿಗೆ ಆಯಿತು. ಅವರು ನನ್ನೊಂದಿಗೆ ಕನ್ನಡ ಬಿಡಲಿಲ್ಲ. ಆದರೆ ಬೈಯುವುದಕ್ಕೆ ಮಾತ್ರ ಅದನ್ನು ಇಟ್ಟುಕೊಂಡರು. ಉಳಿದವರ ಜೊತೆ ಮರಾಠಿ, ಶೇಠರ ಜೊತೆ ನಯವಾದ ಮರಾಠಿ, ನನಗೆ ಕನ್ನಡದ ಬೈಗುಳ. ಬೇರೆ ಯಾರಿಗೂ ತಿಳಿಯುವುದಿಲ್ಲವಲ್ಲ, ಯಾವ ಮುಲಾಜೂ ಇಲ್ಲ. ನನ್ನ ಅಪ್ಪನಿಂದ ಹಿಡಿದು ನಾನು ಉಟ್ಟ ಸೀರೆಯವರೆಗೆ ಏನೂ ಉಳಿಯುತ್ತಿರಲಿಲ್ಲ. ಮುಖ ಮಾತ್ರ ಶಾಂತ. ಅವರು ನನಗೆ ಏನೋ ಕೆಲಸ ವಿವರಿಸುತ್ತಿದ್ದಾರೆ ಎಂದು ಫಿಟ್ಟರ್‌ಗಳು ತಿಳಿಯುತ್ತಿದ್ದರು.

ಫಿಟ್ಟರ್‌ಗಳನ್ನೂ ಅವರು ಸುಮ್ಮನೆ ಬಿಡುತ್ತಿರಲಿಲ್ಲ. ಎಂಜಿನ್ ನಡೆಯುವಾಗ ಯಾರದಾದರೂ ಕೈ ಹೋಸಿನ ಹತ್ತಿರ ಹೋದರೆ ನಟ್ಟು ಬಿಚ್ಚುವ ಪಾನಾದಿಂದ ಮಣಿಕಟ್ಟಿಗೆ ಹೊಡೆಯುತ್ತಿದ್ದರು. ಮೆಲ್ಲಗಲ್ಲ, ಬಾವು ಬರುವ ಹಾಗೆ. ಹೋಸಿನ ತೂತು ಕಣ್ಣಿಗೆ ಕಾಣದಷ್ಟು ಸಣ್ಣದಿರುತ್ತದೆ, ಅದರಿಂದ ಚಿಮ್ಮುವ ಎಣ್ಣೆ ಚರ್ಮ ಸೀಳಿ ಒಳಗೆ ಇಳಿಯುತ್ತದೆ, ಇಳಿದ ಎಣ್ಣೆ ತಿರುಗಿ ಬರುವುದಿಲ್ಲ ಎಂದು ಅವರ ಗುರು ಹೇಳಿಕೊಟ್ಟಿದ್ದನಂತೆ. ಹೊಡೆದ ಮೇಲೆ ಒಂದೇ ಮಾತು, ಮರಾಠಿಯವರಿಗೂ ಕನ್ನಡದಲ್ಲೇ: "ಕೈ ಬ್ಯಾಡಾಗೈತೇನ?" ಅದರ ಅರ್ಥ ಮಾತ್ರ ಎಲ್ಲರಿಗೂ ಗೊತ್ತಿತ್ತು.

ಸೋರಿಕೆ ಹುಡುಕುವ ಅವರ ರೀತಿಯೇ ಬೇರೆ. ಅವರ ಮನೆದೇವರು ಮೈಲಾರಲಿಂಗ, ಇಲ್ಲಿಯ ಖಂಡೋಬ. ಜೇಜುರಿಯಿಂದ ಭಂಡಾರ ತಂದು ಹಳೆಯ ಹಾಲಿನ ಪುಡಿಯ ಡಬ್ಬಿಯಲ್ಲಿ ಇಟ್ಟಿದ್ದರು. ಮೊದಲು ಲೋಡರಿನ ತೋಳನ್ನು ಸೀಮೆಎಣ್ಣೆಯಲ್ಲಿ ತೊಳೆದು ಬಟ್ಟೆಯಲ್ಲಿ ಒರೆಸಬೇಕು. ಒಣಗಿದ ಮೇಲೆ ಹೋಸುಗಳ ಮೇಲೆ, ಜೋಡಣೆಗಳ ಮೇಲೆ ಭಂಡಾರ ಉದುರಿಸಬೇಕು. ಎಂಜಿನ್ ಹಚ್ಚಿ ನಾಲ್ಕು ಸಲ ತೋಳು ಎತ್ತಿ ಇಳಿಸಿ ನಿಲ್ಲಿಸಿದರೆ, ಎಲ್ಲಿ ಜಿನುಗುತ್ತದೋ ಅಲ್ಲಿ ಹಳದಿ ಒದ್ದೆಯಾಗಿ ಬಣ್ಣ ತಿರುಗುತ್ತದೆ. ಅದರಿಂದಲೂ ಗೊತ್ತಾಗದಿದ್ದರೆ ಉದ್ದನೆ ಕೋಲಿಗೆ ಒಂದು ರಟ್ಟಿನ ತುಂಡು ಸಿಕ್ಕಿಸಿ ಹೋಸಿನ ಕೆಳಗೆ ಆಡಿಸುತ್ತಿದ್ದರು. ರಟ್ಟಿನ ಮೇಲೆ ಎಣ್ಣೆಯ ಗೆರೆ ಬಿದ್ದ ಜಾಗವೇ ತೂತಿನ ಜಾಗ. ನೋಡಲು ಬಂದ ಗಿರಾಕಿಗಳು ಯಂತ್ರಕ್ಕೆ ಪೂಜೆ ನಡೆದಿದೆ ಎಂದು ಕೈ ಮುಗಿಯುತ್ತಿದ್ದರು. ಮಿಸ್ತ್ರಿ ಅವರನ್ನು ತಿದ್ದುತ್ತಿರಲಿಲ್ಲ.

ಒಂದು ವರ್ಷ ಕಳೆದಿರಬೇಕು, ನನ್ನಿಂದ ಒಂದು ತಪ್ಪಾಯಿತು. ಆ ಹಳೆಯ ಲೋಡರ್‌ಗಳ ಅಳತೆ ಇಂಚಿನದು. ನಮ್ಮ ಅಂಗಡಿಗಳಲ್ಲಿ ಸಿಗುವ ಸೀಲು ಮಿಲಿಮೀಟರಿನದು. ಕಣ್ಣಿಗೆ ಎರಡೂ ಒಂದೇ. ನಾನು ಅಳೆಯದೆ ಕೊಟ್ಟೆ, ಅವರು ನಂಬಿ ಹಾಕಿದರು, ಲೋಡರು ಗಿರಾಕಿಯ ಜಾಗದಲ್ಲಿ ಎಣ್ಣೆಯನ್ನೆಲ್ಲ ಕಾರಿಕೊಂಡು ನಿಂತಿತು. ಮರುದಿನ ಮಧ್ಯಾಹ್ನ ನಾನು ಡಬ್ಬಿ ಬಿಚ್ಚಿ ಊಟಕ್ಕೆ ಕೂತಿದ್ದೆ. ಫಿಟ್ಟರ್‌ಗಳೂ ಅಲ್ಲೇ ಮರದ ಕೆಳಗೆ ಉಣ್ಣುತ್ತಿದ್ದರು. ಮಿಸ್ತ್ರಿ ಬಂದು, ಹರಿದ ಆ ಸೀಲನ್ನು, ಎಣ್ಣೆ ತೊಟ್ಟಿಕ್ಕುತ್ತಿದ್ದ ಹಾಗೆಯೇ, ನನ್ನ ಜೋಳದ ರೊಟ್ಟಿಯ ಮೇಲೆ ಇಟ್ಟರು.

"ಮಶೀನ್ ಉಪಾಸ ಕೆಡವೀರಿ. ಅದು ಉಪಾಸ ಇದ್ದಾಗ ನೀವ್ಯಾಕ ಉಣ್ಣಬೇಕ್ರಿ ಬಾಯಾರ?"

ಫಿಟ್ಟರ್‌ಗಳು ನಕ್ಕರು. ಮಾತು ತಿಳಿಯದಿದ್ದರೂ ರೊಟ್ಟಿ ಕಾಣುತ್ತಿತ್ತಲ್ಲ. ಮಿಸ್ತ್ರಿ ಜೇಬಿನಿಂದ ವರ್ನಿಯರ್ ತೆಗೆದು, ಅಳೆಯುವ ಆ ಉಕ್ಕಿನ ಪಟ್ಟಿಯನ್ನು, ನನ್ನ ಮಡಿಲಿಗೆ ಎಸೆದು ಹೋದರು. ನಾನು ಅಂದು ಊಟ ಮಾಡಲಿಲ್ಲ. ಅಳಲೂ ಇಲ್ಲ. ವರ್ನಿಯರ್ ಕಲಿತೆ. ಒಂದು ತಿಂಗಳಲ್ಲಿ ಸ್ಟೋರಿನ ಪ್ರತಿ ಸೀಲನ್ನೂ ಅಳೆದು ಇಂಚಿನದು ಬೇರೆ, ಮಿಲಿಮೀಟರಿನದು ಬೇರೆ ಮಾಡಿ ಪಟ್ಟಿ ಅಂಟಿಸಿದೆ. ಇವತ್ತಿಗೂ ನನಗೆ ಉಂಗುರ ನೋಡಿದರೆ ಬೆರಳಿನ ಅಳತೆ ಹೇಳಲು ಬರುತ್ತದೆ. ಅದು ಆ ಮನುಷ್ಯ ಕಲಿಸಿದ್ದು. ಆದರೆ ರೊಟ್ಟಿಯನ್ನು ನಾನು ಮರೆಯಲಿಲ್ಲ.

ಸೇಡು ತೀರಿಸಿಕೊಳ್ಳಲು ನನ್ನ ಕೈಯಲ್ಲಿ ಇದ್ದದ್ದು ಒಂದು ಕಿಟಕಿ ಮಾತ್ರ. ಅದೇ ಸಾಕಾಯಿತು. ಶೇಠರಿಗೆ ಹೇಳಿ ಒಂದು ನಿಯಮ ಮಾಡಿಸಿದೆ: ಎಲ್ಲಿ ಸೋರುತ್ತಿದೆ ಎಂದು ಖಾತ್ರಿಯಾಗಿ ತೋರಿಸಿ, ಚೀಟಿಯಲ್ಲಿ ಬರೆಸಿದ ಮೇಲೆಯೇ ಹೊಸ ಸಾಮಾನು. ಸಾಮಾನು ಪೋಲಾಗುವುದು ನಿಲ್ಲುತ್ತದೆ ಎಂದು ಶೇಠರು ಖುಷಿಯಿಂದ ಸಹಿ ಮಾಡಿದರು. ಫಿಟ್ಟರ್‌ಗಳು ಅದಕ್ಕೆ ಪುರಾವಾ ಚೀಟಿ ಎಂದು ಹೆಸರಿಟ್ಟರು. ಮಿಸ್ತ್ರಿ ಕಿಟಕಿಗೆ ಬಂದಾಗಲೆಲ್ಲ ನಾನು ತಲೆ ಎತ್ತದೆ ಕೇಳುತ್ತಿದ್ದೆ: "ಪುರಾವಾ?" ಇಪ್ಪತ್ತೈದು ವರ್ಷ ಯಂತ್ರ ಬಿಚ್ಚಿದ ಮನುಷ್ಯ ಒಂದು ಓ-ರಿಂಗಿಗಾಗಿ ನನ್ನ ಮುಂದೆ ಕಾಯಬೇಕು. ಕಾಯಿಸುತ್ತಿದ್ದೆ. ಬೇಕೆಂದೇ ಇನ್ನೊಂದು ಡಬ್ಬಿ ತೆಗೆದು ಎಣಿಸುತ್ತ ಕೂರುತ್ತಿದ್ದೆ. ಸ್ಟೋರಿನ ಖಾಲಿ ರಟ್ಟಿನ ಪೆಟ್ಟಿಗೆಗಳನ್ನೂ ರದ್ದಿಯವನಿಗೆ ಕೊಡಲು ಶುರು ಮಾಡಿದೆ, ಅವರ ಕೋಲಿಗೆ ರಟ್ಟು ಸಿಗದಿರಲಿ ಎಂದು. ಇದನ್ನು ಬರೆಯುವಾಗ ನಾಚಿಕೆಯಾಗುತ್ತದೆ. ಆಗ ಆಗಿರಲಿಲ್ಲ.

ಆ ದಿನ ಬೇಸಿಗೆಯ ಬೆಳಗು. ಒಂದು ಲೋಡರು ಚಾಕಣಕ್ಕೆ ಹೋಗಬೇಕಿತ್ತು, ಸಾಗಿಸುವ ಲಾರಿ ಗೇಟಿನಲ್ಲಿ ನಿಂತಿತ್ತು. ಮಿಸ್ತ್ರಿ ಕಿಟಕಿಗೆ ಬಂದರು.

"ಎಡಗಡಿ ತೋಳಿನ ಹೋಸ್ ಹೋಗೈತಿ. ಹೊಸಾದ ಕೊಡ್ರಿ."

ಅದೇ ಅಳತೆಗೆ ಮಾಡಿಸಿದ ಹೋಸು ನನ್ನ ತಲೆಯ ಹಿಂದೆಯೇ, ಗೋಡೆಯ ಮೊಳೆಗೆ ತೂಗುತ್ತಿತ್ತು. ಅವರಿಗೆ ಕಾಣುತ್ತಿತ್ತು.

"ಪುರಾವಾ?"

"ಭಂಡಾರ ಹಾಕೀನಿ. ಹಸಿ ಆಗೈತಿ. ಬಂದು ನೋಡ್ರಿ, ಕಣ್ಣಿದ್ರ."

ನಾನು ಎದ್ದು ಹೋದೆ. ತೋಳು ಬಾಗುವಲ್ಲಿ ಒಂದು ಗೇಣು ಉದ್ದಕ್ಕೆ ಹಳದಿ ಒದ್ದೆಯಾಗಿತ್ತು, ಹೋಸಿನ ಮೇಲೂ, ಅದು ಸೇರುವ ಜೋಡಣೆಯ ಮೇಲೂ. ನಾನು ಸೊಂಟಕ್ಕೆ ಸೆರಗು ಸಿಕ್ಕಿಸಿ ಬಾಗಿ ನೋಡಿದೆ. ಆಮೇಲೆ ಎಲ್ಲರಿಗೂ ತಿಳಿಯಲಿ ಎಂದು ಮೊದಲು ಮರಾಠಿಯಲ್ಲಿ ಹೇಳಿ, ಅವರಿಗೆ ಚುಚ್ಚಲಿ ಎಂದು ಮತ್ತೆ ಕನ್ನಡದಲ್ಲಿ ಹೇಳಿದೆ.

"ಇದು ಜೋಡಣೀಂದ ಸೋರಿ ಹೋಸಿನ ಮ್ಯಾಲೆ ಹರದದ್ದೂ ಇರಬಹುದಲ್ರಿ ಮಿಸ್ತ್ರಿ. ಹಂಗಿದ್ರ ಬರೇ ಓ-ರಿಂಗ್ ಸಾಕು. ಹೋಸ್ ಯಾಕ? ಭಂಡಾರ ಉಗ್ಗಿ ಪೂಜಾ ಮಾಡಿದ್ರ ದೇವರು ಬಂದು ಹೇಳ್ತಾನೇನು, ಎಲ್ಲೆ ಸೋರತದ ಅಂತ?"

ತಪ್ಪು ಮಾತಲ್ಲ ಅದು. ಅವರಿಂದಲೇ ಕಲಿತದ್ದು. ಫಿಟ್ಟರ್‌ಗಳು ಜೋರಾಗಿ ನಕ್ಕರು. ಎಷ್ಟೋ ದಿನ ಮಣಿಕಟ್ಟಿಗೆ ಪೆಟ್ಟು ತಿಂದವರು, ಯಾಕೆ ನಗುವುದಿಲ್ಲ? ಮಿಸ್ತ್ರಿ ರಟ್ಟು ತಾ ಎಂದು ಒಬ್ಬನಿಗೆ ಕೂಗಿದರು. ಅವನು ನನ್ನ ಮುಖ ನೋಡಿದ. "ರಟ್ಟು ರದ್ದಿಗೆ ಹೋಗ್ಯಾವ" ಎಂದೆ ನಾನು.

ಅವರು ಒಬ್ಬ ಫಿಟ್ಟರನನ್ನು ಒಳಗೆ ಕೂರಿಸಿ ಎಂಜಿನ್ ಹಚ್ಚಿಸಿದರು. ತೋಳು ಎತ್ತಿಸಿದರು. ಇನ್ನೂ ಎತ್ತು, ಇನ್ನೂ, ಎಂದು ಮರಾಠಿಯಲ್ಲಿ ಕೂಗುತ್ತಲೇ ನನ್ನ ಕಡೆ ತಿರುಗಿ, ನನ್ನ ಕಣ್ಣಲ್ಲಿ ಕಣ್ಣಿಟ್ಟು, ಬರಿಗೈಯನ್ನು ಹೋಸಿನ ಉದ್ದಕ್ಕೂ ಸವರಿದರು. ಸದ್ದು ಕೂಡ ಆಗಲಿಲ್ಲ. ಕೈ ಚಕ್ಕನೆ ಹಿಂದೆ ಬಂತು, ಅಷ್ಟೇ. ತೋರುಬೆರಳಿನ ತುದಿಯಲ್ಲಿ ಒಂದು ಚುಕ್ಕೆ. ಸೂಜಿ ಚುಚ್ಚಿದರೂ ಅದಕ್ಕಿಂತ ದೊಡ್ಡದಾಗುತ್ತದೆ.

"ಸಿಕ್ತಲ್ರಿ ಪುರಾವಾ?" ಎಂದರು. "ಬರ್ಕೋರಿ."

ಬರೆದುಕೊಂಡೆ. ಎಡತೋಳಿನ ಹೋಸು, ಬಾಗುವ ಜಾಗದಲ್ಲಿ ತೂತು. ಅವರು ಸಹಿಯ ಬದಲು ಆ ಬೆರಳನ್ನೇ ಚೀಟಿಯ ಮೇಲೆ ಒತ್ತಿದರು. ಎಣ್ಣೆ, ಹಳದಿ, ನಡುವೆ ಸಾಸಿವೆಯಷ್ಟು ಕೆಂಪು. ನಾನು ಮೊಳೆಯಿಂದ ಹೋಸು ಇಳಿಸಿ ಕೊಟ್ಟೆ. ಅವರು ಡಬ್ಬಿಯಿಂದ ಚಿಟಿಕೆ ಭಂಡಾರ ತೆಗೆದು ಬೆರಳಿಗೆ ಮೆತ್ತಿಕೊಂಡು ಹೋಸು ಹಾಕಲು ಕೂತರು. ಗಾಯಕ್ಕೆ ಅರಿಸಿನ, ಅದೂ ದೇವರದು. ನಮ್ಮವರಿಗೆ ಅದಕ್ಕಿಂತ ದೊಡ್ಡ ಔಷಧ ಯಾವುದಿದೆ?

ಲಾರಿ ಹೊರಟಿತು. ಮಧ್ಯಾಹ್ನ ಎರಡು ಗಂಟೆಯ ಸುಮಾರಿಗೆ ಮಿಸ್ತ್ರಿ ಕಿಟಕಿಗೆ ಬಂದು ನಿಂತರು. ಕೆಲಸದ ನಡುವೆ ಹೊರಗೆ ಹೋಗಬೇಕಾದರೆ ಗೇಟ್ ಪಾಸ್ ಬರೆಯುವವಳೂ ನಾನೇ. ಅವರ ಬೆರಳು ನೆನೆಸಿದ ಅಕ್ಕಿಯ ಹಾಗೆ ಬಿಳುಚಿ ಬಿಗಿದಿತ್ತು, ಅಂಗೈ ಉಬ್ಬಿತ್ತು. ಹಣೆಯಲ್ಲಿ ಬೆವರು. ಬೆರಳಿಗೆ ಎಣ್ಣೆ ಹೊಕ್ಕರೆ ಕೈಯಲ್ಲಿನ ಕೆಲಸ ಬಿಟ್ಟು ದವಾಖಾನೆಗೆ ಓಡಬೇಕು ಎಂದು ಅವರೇ ಫಿಟ್ಟರ್‌ಗಳಿಗೆ ಹೇಳುತ್ತಿದ್ದದ್ದನ್ನು ನಾನು ಹತ್ತು ಸಲ ಕೇಳಿದ್ದೆ.

"ಏನ್ರಿ?" ಎಂದೆ.

ಅವರು ಖಾಲಿ ಮೊಳೆಯನ್ನು ನೋಡಿದರು. ನನ್ನನ್ನು ನೋಡಿದರು. "ಏನಿಲ್ಲ" ಎಂದು ತಿರುಗಿ ಹೋದರು.

ಅವರು ಕೇಳಲಿ ಎಂದು ನಾನು ಕಾದೆ. ನಾನು ಹೋಗಿ ಎನ್ನಲಿ ಎಂದು ಅವರು ಕಾದರು... ಹಾಗೆಂದು ಈಗ ಅನ್ನಿಸುತ್ತದೆ. ಆ ಹೊತ್ತಿನಲ್ಲಿ ನನಗೆ ಸಂತೋಷವಾಗಿತ್ತು. ಸುಳ್ಳು ಹೇಳಲಾರೆ. ನೋಯಲಿ ಎಂದುಕೊಂಡೆ. ಎಷ್ಟು ಎಂದು ನನಗೆ ಗೊತ್ತಿರಲಿಲ್ಲ, ಆದರೆ ನೋಯಲಿ ಎಂದುಕೊಂಡದ್ದು ನಿಜ.

ಸಂಜೆ ಆರಕ್ಕೆ ಕೆಲಸ ಮುಗಿಸಿಯೇ ಅವರು ಡಾಕ್ಟರ ಬಳಿ ಹೋದರಂತೆ. ಇಷ್ಟು ಸಣ್ಣ ಚುಕ್ಕೆಗೆ ಇಷ್ಟೊಂದು ಬಾವೇ ಎಂದು ಆ ಡಾಕ್ಟರು ಒಂದು ಇಂಜೆಕ್ಷನ್ ಕೊಟ್ಟು ಕಳಿಸಿದರು. ಮರುದಿನ ಕೈ ಕಪ್ಪಾಗಿತ್ತು. ದೊಡ್ಡಾಸ್ಪತ್ರೆಯಲ್ಲಿ ಮೊದಲು ಬೆರಳು ತೆಗೆದರು. ನಾಲ್ಕು ದಿನದ ಮೇಲೆ ಮಣಿಕಟ್ಟಿನವರೆಗೆ ತೆಗೆದರು. ಬಲಗೈ.

ಶೇಠರು ನನ್ನನ್ನು ಕರೆದು ಕೇಳಿದರು, ರಟ್ಟಿಲ್ಲದೆ ಕೈ ಯಾಕೆ ಹಾಕಿದ, ಹೋಸು ಸ್ಟೋರಿನಲ್ಲಿ ಇರಲಿಲ್ಲವೇ? ಇರಲಿಲ್ಲ ಎಂದೆ. ಆಮೇಲೆ ಭೋಸರಿಯಿಂದ ತರಿಸಿ ಕೊಟ್ಟೆ ಎಂದೆ. ಕೈ ಹಾಕಬೇಡ ಎಂದು ಊರಿಗೆಲ್ಲ ಹೇಳುವ ಮನುಷ್ಯ ತಾನೇ ಹಾಕಿದ, ಅವನ ಅಜಾಗರೂಕತೆ ಎಂದೆ. ಶೇಠರಿಗೆ ಬೇಕಿದ್ದದ್ದೂ ಅದೇ. ನಾನೇ ಟೈಪು ಮಾಡಿದ ಆ ಹೇಳಿಕೆಯ ಕಾಗದವನ್ನು ಶೇಠರು ಆಸ್ಪತ್ರೆಗೆ ಒಯ್ದು ಓದಿ ಹೇಳಿದಾಗ ಮಿಸ್ತ್ರಿ, "ಬಾಯಿ ಹೇಳಿದ್ದು ಖರೆ" ಎಂದು ಎಡಗೈ ಹೆಬ್ಬೆಟ್ಟು ಒತ್ತಿದರಂತೆ. ಪುರಾವಾ ಚೀಟಿಯನ್ನು ನಾನು ಹರಿದು ಒಲೆಗೆ ಹಾಕಿದೆ.

ನೋಡಲು ಹೋದೆ, ಹೋಗದಿದ್ದರೆ ಜನ ಏನೆಂದಾರು ಎಂದು. ಅವರು ಮಲಗಿದ್ದರು. ಹೊರಗೆ ಬೆಂಚಿನ ಮೇಲೆ ಕೂತಿದ್ದ ಅವರ ಹೆಂಡತಿ ನನ್ನ ಕನ್ನಡ ಕೇಳಿದ್ದೇ ಎದ್ದು ನನ್ನ ಎರಡೂ ಕೈ ಹಿಡಿದುಕೊಂಡರು.

"ನೀವೇ ಏನ್ರಿ ಸ್ಟೋರಿನ ಬಾಯಾರು? ನಿಮ್ಮ ಹೆಸರು ಭಾಳ ಹೇಳ್ತಾರ್ರಿ ಮನ್ಯಾಗ. ನಮ್ಮ ಕಡೀ ಹೆಣ್ಣಮಗಳು ಒಬ್ಬಾಕಿ ಅದಾಳ, ಇಡೀ ಪುಣ್ಯಾದಾಗ ಆಕಿಹಂಗ ಸೀಲ್ ಅಳ್ಯಾಕ ಯಾರಿಗೂ ಬರೂದಿಲ್ಲ, ನಾನ ಕಲಿಸೀನಿ ಅಂತಾರ್ರಿ."

ನಮ್ಮ ಕಡೆ. ನನ್ನ ಮುಂದೆ ಯಾವ ಕಡೆಯೂ ಇಲ್ಲ ಎಂದಿದ್ದ ಮನುಷ್ಯ. ಆ ತಾಯಿ ನನ್ನ ಕೈ ಬಿಡಲೇ ಇಲ್ಲ. ತಂದಿದ್ದ ಬಾಳೆಹಣ್ಣು ಕೊಟ್ಟು, ಬಸ್ಸಿಗೆ ತಡವಾಯಿತು ಎಂದು ಹೇಳಿ ಓಡಿಬಂದೆ.

ಮೂರು ತಿಂಗಳ ಮೇಲೆ ಮಿಸ್ತ್ರಿ ಕೆಲಸಕ್ಕೆ ಬಂದರು. ಶೇಠರು ಅವರನ್ನು ಬಿಡಲಿಲ್ಲ. ಮಿಸ್ತ್ರಿಗೆ ಗೊತ್ತಿದ್ದ ಕೆಲಸ ಬೇರೆ ಯಾರಿಗೂ ಗೊತ್ತಿರಲಿಲ್ಲ. ಎಡಗೈಯಲ್ಲಿ ಕೋಲು ಹಿಡಿದು ನಿಂತು ಬೇರೆಯವರಿಂದ ಮಾಡಿಸುತ್ತಿದ್ದರು. ಹೊಡೆತವೂ ಈಗ ಎಡಗೈಯಿಂದ, ಮೊದಲಿಗಿಂತ ಜೋರು. ಸದ್ಯ, ನನ್ನ ಸುಳ್ಳನ್ನು ಅವರು ನುಂಗಿಕೊಂಡರು, ಕ್ಷಮಿಸಿದರು ಎಂದುಕೊಂಡಿದ್ದೆ. ಮೊದಲ ದಿನವೇ ಅವರು ಒಬ್ಬ ಹೊಸ ಫಿಟ್ಟರನನ್ನು ಕರೆದುಕೊಂಡು ಕಿಟಕಿಗೆ ಬಂದರು. ತೋಳು ಮಡಿಚಿ, ಹೊಲಿಗೆಯ ಗುರುತು ಇನ್ನೂ ಕೆಂಪಾಗಿದ್ದ ಆ ಮೋಟುಗೈಯನ್ನು ನನ್ನ ಮುಂದಿನ ಹಲಗೆಯ ಮೇಲೆ ಇಟ್ಟರು.

"ಆ ಮೊಳಿಗೆ ತೂಗಾಕತ್ತೈತಲ್ರಿ, ಆ ಹೋಸ್ ಕೊಡ್ರಿ ಬಾಯಾರ" ಎಂದರು. "ಪುರಾವಾ ತಂದೀನಿ."

ಮೊಳೆ ಖಾಲಿ ಇತ್ತು. ಅವರ ಮುಖ ಶಾಂತ. ಫಿಟ್ಟರ್ ನನಗೆ ನಮಸ್ಕಾರ ಮಾಡಿದ. ಹೊಸಬನ ಪರಿಚಯ ಮಾಡಿಸುತ್ತಿದ್ದಾರೆ ಎಂದು ಅವನು ತಿಳಿದ.

ಆಮೇಲೆ ಅದು ನಿಲ್ಲಲಿಲ್ಲ. ಯಾವ ಸಾಮಾನಿಗೆ ಬಂದರೂ ಮೊದಲು ಆ ಮೋಟುಗೈ ಹಲಗೆಯ ಮೇಲೆ ಬರುತ್ತಿತ್ತು, ಆಮೇಲೆ ಆ ಮಾತು. ಶೇಠರು ನನ್ನ ಪಕ್ಕದಲ್ಲಿ ಕೂತು ಚಹ ಕುಡಿಯುವಾಗಲೂ ಹೇಳುತ್ತಿದ್ದರು. ಶೇಠರಿಗೆ ಕನ್ನಡ ಬಾರದು. ಒಂದು ಮಾತು ಮರಾಠಿಯಲ್ಲಿ ಹೇಳಿದ್ದರೆ ನನ್ನ ಕೆಲಸ ಅಂದೇ ಹೋಗುತ್ತಿತ್ತು, ಅವರಿಗೆ ನ್ಯಾಯವೂ ಸಿಗುತ್ತಿತ್ತೇನೋ. ಅವರು ಹೇಳಲಿಲ್ಲ. ನ್ಯಾಯಕ್ಕಿಂತ ಇದು ಅವರಿಗೆ ರುಚಿಸಿರಬೇಕು.

ಒಂದು ದಿನ ತಡೆಯಲಾರದೆ ಆ ಮೊಳೆಯನ್ನು ಕಿತ್ತು ಹಾಕಿದೆ. ಮರುದಿನ ಅವರು ಗೋಡೆಯನ್ನು ನೋಡಿ, "ಆ ತೂತಿಗೆ ತೂಗಾಕತ್ತೈತಲ್ರಿ, ಆ ಹೋಸ್" ಎಂದರು. ನಾನು ಮೊಳೆಯನ್ನು ಮತ್ತೆ ಹೊಡೆದೆ.

ಪುರಾವಾ ಚೀಟಿಯ ನಿಯಮ ನಾನೇ ತೆಗೆಸಿದೆ. ರಟ್ಟುಗಳನ್ನು ಅಳತೆಗೆ ಕತ್ತರಿಸಿ, ಹೊರೆ ಕಟ್ಟಿ, ಕಿಟಕಿಯ ಪಕ್ಕ ಇಡುತ್ತಿದ್ದೆ. ಕೆಲಸ ಬಿಟ್ಟುಬಿಡು ಎಂದು ಮನೆಯವರು ಎಷ್ಟೋ ಸಲ ಹೇಳಿದರು. ಬಿಡಲಿಲ್ಲ. ಮಗಳ ಶಾಲೆ, ಮನೆಯ ಖರ್ಚು ಎಂದು ಅವರಿಗೆ ಹೇಳುತ್ತಿದ್ದೆ. ನಿಜವೇನು ಎಂದು ನನಗೂ ಸರಿಯಾಗಿ ಗೊತ್ತಿಲ್ಲ... ಆ ಮನುಷ್ಯ ಬಾರದ ದಿನ ನನಗೆ ಬಿಡುಗಡೆ ಅನ್ನಿಸಬೇಕಿತ್ತು. ಅನ್ನಿಸುತ್ತಿರಲಿಲ್ಲ. ಕಿಟಕಿಯ ಕಡೆ ನೋಡುತ್ತ ಕೂರುತ್ತಿದ್ದೆ. ಹೀಗೆ ಒಂಬತ್ತು ವರ್ಷ.

ಎರಡು ಸಾವಿರದ ಇಸವಿಯ ನಂತರ ಆ ಕಡೆಯ ನೆಲಕ್ಕೆ ಬೇಡಿಕೆ ಬಂತು. ಶೇಠರ ಮಕ್ಕಳು ಯಾರ್ಡ್ ಮಾರಿದರು, ಅಲ್ಲಿ ವಸತಿ ಕಟ್ಟಡ ಏಳುವುದಿತ್ತು. ಹಳೆಯ ಲೋಡರ್‌ಗಳನ್ನು ಗುಜರಿಯವರು ಗ್ಯಾಸ್ ಹಚ್ಚಿ ಕತ್ತರಿಸಿ ಒಯ್ದರು. ಕತ್ತರಿಸುವಾಗಲೂ ಅವುಗಳಿಂದ ಎಣ್ಣೆ ಸೋರುತ್ತಿತ್ತು. ಕೊನೆಯ ದಿನ ಸ್ಟೋರು ಪೂರ್ತಿ ಖಾಲಿ. ಕಪಾಟುಗಳಿಲ್ಲ, ಡಬ್ಬಿಗಳಿಲ್ಲ, ಗೋಡೆಯ ತುಂಬ ಬರಿ ಮೊಳೆಗಳು. ಮಿಸ್ತ್ರಿ ತಮ್ಮ ಭಂಡಾರದ ಡಬ್ಬಿಯನ್ನು ಕಂಕುಳಲ್ಲಿ ಇಟ್ಟುಕೊಂಡು ಗೇಟಿನ ಕಡೆ ಹೊರಟಿದ್ದರು. ನನ್ನ ಕಿಟಕಿಯ ಮುಂದೆ ನಿಂತರು. ಈಗ ಕೈ ಇಡುತ್ತಾರೆ, ಈಗ ಹೇಳುತ್ತಾರೆ ಎಂದು ನಾನು ಕಾದೆ. ಅವರು ಕೈ ಇಡಲಿಲ್ಲ. ಮುದುಕರಾಗಿದ್ದರು, ಅದನ್ನು ನಾನು ಅಂದೇ ಕಂಡೆ.

ಇನ್ನು ಈ ಮನುಷ್ಯ ಸಿಗುವುದಿಲ್ಲ ಎಂದು ಹೊಳೆಯಿತು. ಒಂಬತ್ತು ವರ್ಷದಿಂದ ಒಳಗೆ ಇಟ್ಟುಕೊಂಡದ್ದನ್ನು ಹೊರಗೆ ಹಾಕಿದೆ.

"ಮಿಸ್ತ್ರಿ, ಅವತ್ತು ಹೋಸ್ ಇತ್ರಿ. ನಾ ಬೇಕಂತ ಕೊಡಲಿಲ್ಲ. ಮಧ್ಯಾಹ್ನ ನಿಮ್ಮ ಕೈ ನೋಡಿದ್ದೆ, ಹೋಗ್ರಿ ಅನಲಿಲ್ಲ. ತಪ್ಪಾತ್ರಿ. ಭಾಳ ದೊಡ್ಡ ತಪ್ಪಾತ್ರಿ ನನ್ನಿಂದ."

ಅವರು ನನ್ನ ಮಾತನ್ನು ಪೂರ್ತಿ ಕೇಳಿದರು. ಒಂದು ಅಕ್ಷರವನ್ನೂ ಬಿಡದೆ ಕೇಳಿದರು. ಆಮೇಲೆ ಕತ್ತು ಒಂದಿಷ್ಟು ವಾಲಿಸಿ, ಶೇಠರೊಂದಿಗೆ ಮಾತಾಡುವ ಆ ನಯವಾದ ಮರಾಠಿಯಲ್ಲಿ ಹೇಳಿದರು.

"ಕಾಯ್ ಮ್ಹಣಾಲಾತ್ ಬಾಯಿ? ಮಲಾ ಕಾನಡೀ ಯೇತ್ ನಾಹೀ."

ಏನಂದಿರಿ ಬಾಯಿ? ನನಗೆ ಕನ್ನಡ ಬರುವುದಿಲ್ಲ.

ನಾನು ಅದನ್ನೇ ಮರಾಠಿಯಲ್ಲಿ ಹೇಳಬಹುದಿತ್ತು. ಗೇಟಿನಲ್ಲಿ ಫಿಟ್ಟರ್‌ಗಳು ನಿಂತಿದ್ದರು, ಶೇಠರ ಮಗ ನಿಂತಿದ್ದ, ಎಲ್ಲರಿಗೂ ತಿಳಿಯುತ್ತಿತ್ತು. ಅವರು ಕಾದರು. ನಾನು ಹೇಳುತ್ತೇನೋ ಎಂದು ನಿಜವಾಗಿಯೂ ಒಂದು ನಿಮಿಷ ಕಾದರು. ನಾನು ಗೋಡೆಯ ಮೊಳೆಗಳ ಕಡೆ ತಿರುಗಿದೆ. ಅವರು ಡಬ್ಬಿ ಸರಿಮಾಡಿಕೊಂಡು ಹೊರಟುಹೋದರು.

ಕೆಲವು ವರ್ಷಗಳ ಹಿಂದೆ ತರಕಾರಿ ಮಾರುಕಟ್ಟೆಯಲ್ಲಿ ಹಳೆಯ ಫಿಟ್ಟರ್ ಒಬ್ಬ ಸಿಕ್ಕಿದ್ದ. ಮಿಸ್ತ್ರಿ ತೀರಿಕೊಂಡರು ಎಂದ. ತನ್ನ ಎರಡೂ ಕೈಗಳನ್ನು ನನ್ನ ಮುಂದೆ ಚಾಚಿ, ಇವು ಉಳಿದದ್ದು ಅವರ ಹೊಡೆತದಿಂದ ಎಂದ. ಅವನ ಕಣ್ಣು ತುಂಬಿತ್ತು. ನಾನು ಚೀಲ ಎತ್ತಿಕೊಂಡು ಮನೆಗೆ ಬಂದೆ. ನನಗೆ ಅವರ ಮೇಲೆ ಸಿಟ್ಟು ಹೋಗಿಲ್ಲ. ಆ ರೊಟ್ಟಿಯ ಸಿಟ್ಟೂ ಹೋಗಿಲ್ಲ. ಆದರೆ ಈ ಊರಿನಲ್ಲಿ ನನ್ನನ್ನು ಪೂರ್ತಿ ತಿಳಿದಿದ್ದವರು ಅವರೊಬ್ಬರೇ, ಈಗ ಅವರಿಲ್ಲ. ಮನೆಯವರಿಗಾಗಲಿ ಮಗಳಿಗಾಗಲಿ ನಾನು ಇದನ್ನು ಹೇಳಿಲ್ಲ. ಮಗಳು ಮನೆಯಲ್ಲಿ ಕನ್ನಡ ಆಡುವುದನ್ನು ಬಿಟ್ಟು ಬಹಳ ದಿನವಾಯಿತು.

ಭಾನುವಾರ ಅಳಿಯ ಬಾನೆಟ್ಟಿನೊಳಗೆ ಬಗ್ಗಿದ್ದ. ಎಲ್ಲಿಂದ ಜಿನುಗುತ್ತಿದೆ ಎಂದು ನೋಡಲು ಬೆರಳು ಚಾಚಿ ಒದ್ದೆಯಾದ ಆ ಹಳದಿಯ ಕಡೆ ಒಯ್ದ. ಚಹದ ತಟ್ಟೆ ಕೆಳಗೆ ಬಿದ್ದದ್ದು ನನಗೆ ತಿಳಿಯಲಿಲ್ಲ. ಹೋಗಿ ಅವನ ಮಣಿಕಟ್ಟನ್ನು ಹಿಡಿದುಕೊಂಡಿದ್ದೆ. ಉಗುರು ಊರುವ ಹಾಗೆ ಹಿಡಿದಿದ್ದೆ.

"ಹೋಸ್ ಇತ್ರಿ ಅವತ್ತು" ಎಂದೆ. "ಮೊಳಿಗೇ ಇತ್ತು."

ಅಳಿಯ ಗಾಬರಿಯಾಗಿ ನನ್ನ ಮುಖ ನೋಡಿದ. ಒಳ್ಳೆಯ ಹುಡುಗ, ಕೈ ಬಿಡಿಸಿಕೊಳ್ಳಲಿಲ್ಲ.

"ಕಾಯ್ ಮ್ಹಣಾಲಾತ್ ಆಯಿ?" ಎಂದು ಕೇಳಿದ.

"ಕಾಹೀ ನಾಹೀ" ಎಂದೆ. ಏನಿಲ್ಲ.